ಒಂದು ಮರಕ್ಕೆ ಎಷ್ಟು ಸಸಿ?

ಮಹಾಪೆಯಲ್ಲಿ ಹೊಟ್ಟೆಪಾಡು ನೋಡಿಕೊಳ್ಳುವ ನಮ್ಮವರು ಬಹಳ ಜನ. ಮಿಲೇನಿಯಂ ಬಿಸಿನೆಸ್ ಪಾರ್ಕಿನ ಕಂಪ್ಯೂಟರ್ ಹುಡುಗರು, ಕಾರ್ಖಾನೆಯ ಸೂಪರ್‌ವೈಸರುಗಳು, ಕ್ಯಾಂಟೀನು ನಡೆಸುವವರು. ಬಿಸಿಲಿಗೆ ನಿಲ್ಲುವುದು ಎಲ್ಲರೂ ಅದೇ ರಸ್ತೆ ಬದಿಯ ಮರದ ಕೆಳಗೆ. ಆ ಮರಗಳ ಹಿಂದೆ ಒಂದು ಕಾಗದ ಇದೆ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಎಂಐಡಿಸಿಯವರು ಕಾರ್ಖಾನೆಗೆ 95 ವರ್ಷದ ಲೀಸಿಗೆ ಜಾಗ ಕೊಡುವಾಗ ಕರಾರಿನಲ್ಲಿ ಒಂದು ಷರತ್ತು ಹಾಕುತ್ತಾರೆ. ಪ್ರತಿ 200 ಚದರ ಮೀಟರಿಗೆ ಒಂದು ಮರ, ರಸ್ತೆ ಮುಖಕ್ಕೆ 15 ಮೀಟರಿಗೊಂದು ಮರ ನೆಡಬೇಕು. ಲೀಸು ಇರುವಷ್ಟು ಕಾಲ ಅವನ್ನು ಚೆನ್ನಾಗಿ ನೋಡಿಕೊಳ್ಳಬೇಕು. ಜಾಗ ನಿನ್ನದಲ್ಲ, ಆದರೆ ಮರದ ಹೊಣೆ ನಿನ್ನದು ಎಂದು ಬಾಡಿಗೆದಾರನಿಗೆ ಹೇಳುವ ಮಾತು ಇದು. ಪರವೂರಿನಲ್ಲಿ ಬದುಕುವವರು ಸ್ವಲ್ಪ ನಿಂತು ಯೋಚಿಸಬೇಕಾದ ಮಾತು.

ಆದರೆ ಕಾರ್ಖಾನೆ ಮುಚ್ಚಿ ಅಲ್ಲಿ ಗಾಜಿನ ಬಿಲ್ಡಿಂಗ್ ಏಳುವಾಗ, ರಸ್ತೆ ಅಗಲವಾಗುವಾಗ ಅದೇ ಮರ ಅಡ್ಡ ಬರುತ್ತದೆ. ಆಗ ಬರುವುದು ನಗರ ಪ್ರದೇಶಗಳ ಮರಗಳನ್ನು ಕಾಪಾಡಲೆಂದು ಮಹಾರಾಷ್ಟ್ರ 1975ರಲ್ಲಿ ಮಾಡಿದ ಕಾಯ್ದೆ. ಅದರ ಪ್ರಕಾರ ಪಾಲಿಕೆಗೊಂದು ವೃಕ್ಷ ಪ್ರಾಧಿಕಾರ ಇರಬೇಕು. ಸ್ವಂತ ಅಂಗಳದ ಮರವಾದರೂ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಅರ್ಜಿ ಬಂದರೆ ಪೇಪರಿನಲ್ಲಿ ಜಾಹೀರಾತು ಕೊಟ್ಟು, ಆ ಮರದ ಮೈಮೇಲೇ ನೋಟಿಸು ಅಂಟಿಸಿ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಬೇಕು. ಕಡಿದರೆ ಬದಲಿಗೆ ನೆಡಬೇಕು. 2021ರ ತಿದ್ದುಪಡಿ ಈ ಲೆಕ್ಕವನ್ನು ಇನ್ನೂ ಬಿಗಿ ಮಾಡಿತು. ಮರದ ವಯಸ್ಸು ಎಷ್ಟೋ ಅಷ್ಟು ಸಸಿ ನೆಟ್ಟು, ಏಳು ವರ್ಷ ಅವನ್ನು ಉಳಿಸಿಕೊಳ್ಳಬೇಕು ಎಂದಿತು. 50 ವರ್ಷ ದಾಟಿದ ಮರವನ್ನು ಪಾರಂಪರಿಕ ವೃಕ್ಷ ಎಂದು ಕರೆಯಿತು. ನಮ್ಮ ಕರ್ನಾಟಕದಲ್ಲೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ.

ಕಾನೂನು ಒಳ್ಳೆಯದೇ. ನನ್ನನ್ನು ಕಾಡುವ ಪ್ರಶ್ನೆ ಅದರ ಆಚೆಗಿನದು. ನಲವತ್ತು ವರ್ಷದ ಮರಕ್ಕೆ ನಲವತ್ತು ಸಸಿ ನೆಟ್ಟರೆ ಸಾಲ ತೀರಿತೇ?

ಸಾಲ ಅಂದಮೇಲೆ ಕೊಟ್ಟವನೊಬ್ಬ ಇರುತ್ತಾನೆ. ಅವನಿಗೆ ತಿರುಗಿ ಕೊಟ್ಟರೆ ಸಾಲ ತೀರುತ್ತದೆ. ಅಣ್ಣನ ಹತ್ತಿರ ತೆಗೆದುಕೊಂಡು ಪಕ್ಕದ ಮನೆಯವರ ಮೊಮ್ಮಗನಿಗೆ ಕೊಟ್ಟರೆ ಅದನ್ನು ದಾನ ಅನ್ನಬಹುದು, ಸಾಲ ತೀರಿಸಿದೆ ಅನ್ನಲಾಗದು. ಮರದ ವಿಷಯದಲ್ಲಿ ಆಗುವುದು ಇದೇ. ನೆರಳು ಕಳೆದುಕೊಂಡವನು ಮರದಡಿ ಕೂತು ಚಪ್ಪಲಿ ಹೊಲಿಯುವವನು, ಬಸ್ಸಿಗೆ ಕಾಯುವ ಹೆಂಗಸು, ಅಲ್ಲಿ ಗೂಡು ಕಟ್ಟಿದ ಕಾಗೆ. ಸಸಿ ನೆಡುವುದು ಎಲ್ಲೋ ಗುಡ್ಡದ ಬದಿಯಲ್ಲಿ. ಅದು ಬದುಕಿದರೆ ನೆರಳು ಸಿಗುವುದು ಇಪ್ಪತ್ತು ವರ್ಷದ ಮೇಲೆ, ಬೇರೆ ಯಾರಿಗೋ. ಲೆಕ್ಕದ ಪುಸ್ತಕದಲ್ಲಿ ಎರಡೂ ಕಡೆ ಸರಿಹೋಗುತ್ತದೆ. ಚಪ್ಪಲಿ ಹೊಲಿಯುವವನ ನೆತ್ತಿ ಮಾತ್ರ ಸುಡುತ್ತಲೇ ಇರುತ್ತದೆ.

ಆರೆಯ ಕಥೆ ಎಲ್ಲರಿಗೂ ನೆನಪಿರಬಹುದು. ಮೆಟ್ರೋ ಕಾರ್ ಶೆಡ್ಡಿನ ವಿಷಯದಲ್ಲಿ 2019ರ ಅಕ್ಟೋಬರ್ 4ರಂದು ಬಾಂಬೆ ಹೈಕೋರ್ಟು ಅರ್ಜಿಗಳನ್ನು ತಳ್ಳಿಹಾಕಿತು. ಅದೇ ರಾತ್ರಿ ಗರಗಸದ ಸದ್ದು ಶುರುವಾಯಿತು. 7ನೇ ತಾರೀಕು ಸುಪ್ರೀಂ ಕೋರ್ಟು ತಡೆಯುವ ಹೊತ್ತಿಗೆ 2,100ಕ್ಕೂ ಹೆಚ್ಚು ಮರ ನೆಲಕ್ಕೆ ಬಿದ್ದಿದ್ದವು. ಕಡಿಯಲು ಎರಡು ಮೂರು ದಿನ ಸಾಕು. ಬೆಳೆಸಲು ಎಷ್ಟು? ಮಥುರಾ ಕಡೆ ಅನುಮತಿ ಇಲ್ಲದೆ 454 ಮರ ಕಡಿದ ಪ್ರಕರಣದಲ್ಲಿ, 2025ರ ಮಾರ್ಚಿನಲ್ಲಿ, ಮರವೊಂದಕ್ಕೆ ಒಂದು ಲಕ್ಷ ರೂಪಾಯಿಯ ದಂಡವನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟು, ಆ ಹಸಿರು ಮರಳಿ ಬರಲು ಕಡಿಮೆ ಎಂದರೆ ನೂರು ವರ್ಷ ಬೇಕು ಎಂದಿತು. ನೂರು ವರ್ಷವನ್ನು ಯಾವ ದಂಡದಿಂದ ಕೊಳ್ಳಲಿಕ್ಕಾಗುತ್ತದೆ?

ಹಾಗಂತ ಮರ ಮುಟ್ಟಲೇಬೇಡಿ ಎನ್ನುವ ಧೈರ್ಯ ನಮಗಿದೆಯೇ? ಲೋಕಲ್ ಟ್ರೇನಿನಲ್ಲಿ ದಿನಾ ನೋಡುತ್ತೇವೆ. ಫ್ಲಾಟ್‌ಫಾರ್ಮಿನಲ್ಲಿ ನಿಂತಾಗ 'ಸ್ವಲ್ಪ ಒಳಗೆ ಹೋಗ್ರಿ' ಅಂತ ಕೂಗುವವನೇ ಒಳಗೆ ಕಾಲಿಟ್ಟ ಕ್ಷಣ 'ಜಾಗ ಇಲ್ಲ, ಮುಂದಿನ ಗಾಡಿಗೆ ಬನ್ನಿ' ಅನ್ನುತ್ತಾನೆ. ನವಿಮುಂಬಯಿಯ ಫ್ಲಾಟಿನ ಬಾಲ್ಕನಿಯಲ್ಲಿ ನಿಂತು ಇನ್ನೊಂದು ಬಿಲ್ಡಿಂಗ್ ಬೇಡ ಎನ್ನುವವರಿಗೂ ಈ ಮಾತು ಅನ್ವಯಿಸುತ್ತದೆ. ಸಿಡ್ಕೋ ಹುಟ್ಟಿದ್ದು 1970ರಲ್ಲಿ. 95 ಹಳ್ಳಿಗಳ ಭತ್ತದ ಗದ್ದೆ, ಉಪ್ಪಿನ ಗದ್ದೆಗಳ ಮೇಲೆ ಈ ನಗರ ನಿಂತಿದೆ. 1984ರ ಜನವರಿಯಲ್ಲಿ ಉರಣದ ಜಾಸಯಿ ಬಳಿ ಜಮೀನಿಗಾಗಿ ಹೋರಾಡಿದ ಐವರು ಗೋಲಿಬಾರಿನಲ್ಲಿ ಸತ್ತರು. ಮುಂದೆ, ಕಳೆದುಕೊಂಡ ಜಮೀನಿನ ಶೇ. 12.5ರಷ್ಟು ಅಭಿವೃದ್ಧಿಯಾದ ಜಾಗವನ್ನು ಹಿಂತಿರುಗಿಸುವ ಯೋಜನೆ ಬಂತು. ಆಗ್ರಿ ಕೋಳಿ ಜನಕ್ಕೆ ಅಷ್ಟರಮಟ್ಟಿಗೆ ನ್ಯಾಯ ಸಿಕ್ಕಿತು ಅನ್ನೋಣ. ಆದರೆ ಗದ್ದೆಗೆ ಬದಲು ಪ್ಲಾಟು ಬಂದಾಗ ಗದ್ದೆ ಹಿಂದೆ ಬಂತು ಅಂತ ಯಾರಾದರೂ ಹೇಳುತ್ತಾರೆಯೇ? ಪರಿಹಾರ ಬೇರೆ, ಮರಳಿ ಕೊಡುವುದು ಬೇರೆ. ನಾವು ಬಂದು ನೆಲೆಸಲು ಜಾಗವಾದದ್ದೇ ಇಂಥ ಪರಿಹಾರಗಳಿಂದ.

ಆದ್ದರಿಂದ ನನಗೆ ತೋಚುವುದು ಇಷ್ಟು. ಆಸ್ಪತ್ರೆ, ರೈಲು, ಬಡವನ ಸೂರಿಗಾಗಿ ಬೇರೆ ದಾರಿಯೇ ಇಲ್ಲದಾಗ ಮರ ಕಡಿಯಬೇಕಾಗಬಹುದು. ಆದರೆ ಸಸಿಗಳ ಲೆಕ್ಕವನ್ನು ಮೊದಲೇ ಮುಂದಿಟ್ಟರೆ ಬೇರೆ ದಾರಿ ಹುಡುಕುವ ಶ್ರಮವೇ ತಪ್ಪಿಹೋಗುತ್ತದೆ. 'ಒಂದಕ್ಕೆ ನಲವತ್ತು ನೆಡುತ್ತೇವಲ್ಲ ಸ್ವಾಮಿ' ಎನ್ನುವವನಿಗೆ ನಷ್ಟವೇ ಕಾಣದು, ಲಾಭವೇ ಕಾಣುತ್ತದೆ. ನೆಟ್ಟ ಸಸಿ ಕಡಿದ ಮರದ ಬೆಲೆ ಅಂತ ಭಾವಿಸಬಾರದು, ಅದು ಪ್ರಾಯಶ್ಚಿತ್ತ. ಪ್ರಾಯಶ್ಚಿತ್ತ ಮಾಡಿಕೊಂಡವನು ತಪ್ಪೇ ಆಗಿಲ್ಲ ಅನ್ನುವುದಿಲ್ಲ. ಅದನ್ನು ನಷ್ಟವಾದವನ ಕಣ್ಣೆದುರೇ, ಅದೇ ಬೀದಿಯಲ್ಲಿ ಮಾಡಬೇಕು.

ಹುಲಿಕಲ್ಲಿನಿಂದ ಕುದೂರಿನವರೆಗೆ 385 ಆಲದ ಮರ ಬೆಳೆಸಿದ ಸಾಲುಮರದ ತಿಮ್ಮಕ್ಕ 2025ರ ನವೆಂಬರಿನಲ್ಲಿ ತೀರಿಕೊಂಡರು. ನಾವು ಆ ಸಂಖ್ಯೆಯನ್ನು ನೆನಪಿಟ್ಟುಕೊಂಡಿದ್ದೇವೆ. ನೆನಪಿಡಬೇಕಾದದ್ದು ಕೊಡದಲ್ಲಿ ನೀರು ಹೊತ್ತದ್ದನ್ನು, ದನ ಮೇಯದಂತೆ ಮುಳ್ಳು ಕಟ್ಟಿದ್ದನ್ನು. ನೆಡುವುದು ಒಂದು ದಿನದ ಕೆಲಸ. ಫೋಟೋ ತೆಗೆಸಿಕೊಂಡು ಮುಗಿಸಬಹುದು. ಸಾಕುವುದು ವರ್ಷಗಟ್ಟಲೆಯ ಕೆಲಸ. ಕಾಯ್ದೆಯ ಆ ಏಳು ವರ್ಷದ ಮಾತು ಅದರ ಜೀವ. ಅದನ್ನು ವಿಚಾರಿಸುವವರು ಇಲ್ಲದಿದ್ದರೆ ಉಳಿಯುವುದು ಬರೀ ಸಂಖ್ಯೆ.

ವಿಚಾರಿಸುವವರು ಯಾರು? 'ನಾವು ಹೊರಗಿನವರು, ನಮಗ್ಯಾಕೆ ಊರ ಉಸಾಬರಿ' ಅನ್ನುವುದು ನಮ್ಮವರ ಹಳೆಯ ರೂಢಿ. ಅದಕ್ಕೆ ಕಾರಣವೂ ಇದೆ. ಅರವತ್ತರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರು ಕೇಳಿದ ಮಾತುಗಳನ್ನು ಹಿರಿಯರು ಮರೆತಿಲ್ಲ. ಆದರೆ ರಸ್ತೆ ಬದಿಯ ಗುಲ್‌ಮೊಹರನ್ನೇ ನೋಡಿ, ಅದರ ತವರು ಮಡಗಾಸ್ಕರ್. ಮಳೆಮರ ಬಂದದ್ದು ಅಮೆರಿಕ ಖಂಡದಿಂದ. ನೀನು ಯಾವೂರಿನವನು ಅಂತ ಕೇಳಿ ಅದರ ನೆರಳಿಗೆ ಯಾರೂ ಕೂರುವುದಿಲ್ಲ. ಮರಕ್ಕೆ ಅಂಟಿಸಿದ ನೋಟಿಸೂ ಆಕ್ಷೇಪಣೆ ಬರೆಯುವವನ ಮಾತೃಭಾಷೆ ಕೇಳುವುದಿಲ್ಲ. ಮರಾಠಿ ಓದಲು ಬಾರದಿದ್ದರೆ ಪಕ್ಕದವರ ಹತ್ತಿರ ಓದಿಸಿಕೊಳ್ಳಬಹುದು. ಅದರಿಂದ ಒಂದು ಪರಿಚಯವೂ ಆಗುತ್ತದೆ.

ಊರಿನ ಮೇಲೆ ನಮಗಿರುವ ಪ್ರೀತಿಯನ್ನೂ ಸ್ವಲ್ಪ ತಿರುಗಿಸಿ ನೋಡಬೇಕು. ತುಳುನಾಡಿನ ಎಷ್ಟೋ ನಾಗಬನಗಳಲ್ಲಿ ಮರ ಬಳ್ಳಿ ಹೋಗಿ ಕಾಂಕ್ರೀಟು ಕಟ್ಟೆ, ಟೈಲ್ಸು ಬಂದಿವೆ. ಆ ಜೀರ್ಣೋದ್ಧಾರಕ್ಕೆ ಮುಂಬಯಿಯಿಂದ ಹೋದ ದುಡ್ಡೂ ಸೇರಿದೆ. ಭಕ್ತಿಯಿಂದಲೇ ಕಳಿಸಿದ್ದು, ಸಂಶಯವಿಲ್ಲ. ಆದರೆ ದೂರದಲ್ಲಿರುವವನ ಪ್ರೀತಿಗೆ ದುಡ್ಡಿನ ರೂಪ ಸುಲಭವಾಗಿ ಬರುತ್ತದೆ; ನೀರು ಹಾಕುವ ರೂಪ ಬರುವುದು ಕಷ್ಟ. ನೀರು ಹಾಕಲು ಹತ್ತಿರ ಇರಬೇಕು. ಈಗ ನಾವು ಹತ್ತಿರ ಇರುವುದು ಮಹಾಪೆಗೆ, ಘನ್ಸೋಲಿಗೆ, ಡೊಂಬಿವಲಿಗೆ. ಲೀಸಿನ ಜಾಗಕ್ಕೂ ಮರದ ಹೊಣೆ ಇದೆ ಎಂದ ಮೇಲೆ, ಬಾಡಿಗೆ ಮನೆಯವರಿಗೂ ಕಿಟಕಿಯಾಚೆಯ ಮರದ ಹೊಣೆ ಇದ್ದೇ ಇದೆ.