ಕ್ಷಮೆ ಎಂದರೆ... ನಿಮ್ಮ ಮಾತಿನಲ್ಲಿ ಬರೆಯಿರಿ



ಈ ವಾರ ನಿಮಗೊಂದು ಸಣ್ಣ ಕೆಲಸ. ಮಕ್ಕಳ ನೋಟುಪುಸ್ತಕದಿಂದ ಒಂದು ಹಾಳೆ ತೆಗೆದುಕೊಂಡು 'ಕ್ಷಮೆ ಎಂದರೆ' ಎಂದು ಬರೆದು, ಉಳಿದ ಸಾಲನ್ನು ನೀವೇ ತುಂಬಿರಿ. ನಿಘಂಟು ನೋಡಬೇಡಿ. ಪ್ರಸಂಗದಲ್ಲಿ ಕೇಳಿದ್ದನ್ನು ನೆನಪಿಸಿಕೊಂಡೂ ಬರೆಯಬೇಡಿ. ಸ್ನೇಹ, ಧೈರ್ಯ, ಸ್ವಾತಂತ್ರ್ಯ ಎಂಬಂಥ ಒಂದು ಪದ ಕೊಟ್ಟು 'ನಿನ್ನ ಸ್ವಂತ ಮಾತುಗಳಲ್ಲಿ ವಿವರಿಸು' ಎಂದು ಶಾಲೆಗಳಲ್ಲಿ ಪ್ರಬಂಧ ಬರೆಸುತ್ತಾರಲ್ಲ, ಅದೇ ರೀತಿ. ಮಕ್ಕಳಿಗೆ ಇದು ಸುಲಭ, ದೊಡ್ಡವರಿಗೆ ಕಷ್ಟ. ದಿನವೂ ಬಳಸುವ ಪದದ ಅರ್ಥ ತಮಗೆ ಗೊತ್ತೇ ಇದೆ ಎಂದು ದೊಡ್ಡವರು ತಿಳಿದಿರುತ್ತಾರೆ. ಸಂಜೆ ಜಪಸರ ಹೇಳುವ ಮನೆಯಲ್ಲಿ ಪರಲೋಕ ಮಂತ್ರವೊಂದರಲ್ಲೇ ಕ್ಷಮೆಯ ಮಾತು ಆರು ಸಲ ಬಂದುಹೋಗುತ್ತದೆ. ಆದರೂ ಆ ಒಂದು ಸಾಲು ತುಂಬಲು ಕುಳಿತರೆ ಪೆನ್ನು ಓಡುವುದಿಲ್ಲ.

ಬರೆದಾಯಿತೆ? ಹಾಗಾದರೆ ಅದನ್ನು ಪರೀಕ್ಷಿಸೋಣ. ನಮ್ಮ ದೇಶದ ನ್ಯಾಯಶಾಸ್ತ್ರಜ್ಞರು ಇದಕ್ಕೆ ಒಳ್ಳೆಯ ಅಳತೆಗೋಲನ್ನು ಮಾಡಿಟ್ಟಿದ್ದಾರೆ. ಯಾವುದೇ ವ್ಯಾಖ್ಯೆಗೆ ಮೂರು ದೋಷಗಳು ತಗಲಬಹುದು ಎನ್ನುತ್ತಾರೆ ಅವರು. ಉದಾಹರಣೆಗೆ ಹಸುವನ್ನೇ ತೆಗೆದುಕೊಳ್ಳುತ್ತಾರೆ. ಕೊಂಬಿರುವ ಪ್ರಾಣಿಯೇ ಹಸು ಎಂದರೆ ಎಮ್ಮೆಯೂ ಒಳಗೆ ಬಂದುಬಿಡುತ್ತದೆ. ಬೇಲಿ ತೀರಾ ದೊಡ್ಡದಾಯಿತು, ಇದು ಅತಿವ್ಯಾಪ್ತಿ. ಕಪಿಲ ಬಣ್ಣದ್ದೇ ಹಸು ಎಂದರೆ ಬಿಳಿ ಹಸು ಹೊರಗೆ ಉಳಿಯುತ್ತದೆ, ಇದು ಅವ್ಯಾಪ್ತಿ. ಒಂಟಿ ಗೊರಸಿನ ಪ್ರಾಣಿಯೇ ಹಸು ಎಂದರೆ ಅಂಥ ಹಸು ಎಲ್ಲಿಯೂ ಇಲ್ಲ, ಇದು ಅಸಂಭವ. ಹಸುವಿನ ವಿಷಯದಲ್ಲಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಕ್ಷಮೆಯ ವಿಷಯದಲ್ಲಿ ತಪ್ಪಿದರೆ ಮನೆಯಲ್ಲಿ ಯಾರಾದರೂ ಒಬ್ಬರು ಅದರ ಬೆಲೆ ತೆರುತ್ತಾರೆ.

ನಿಮ್ಮಲ್ಲಿ ಹೆಚ್ಚಿನವರು 'ಆದದ್ದನ್ನು ಮರೆತುಬಿಡುವುದು' ಎಂದು ಬರೆದಿರಬಹುದು. ಮರೆವು ಕ್ಷಮೆಯಾದರೆ, ವಯಸ್ಸಾಗಿ ನೆನಪು ಅಳಿದುಹೋದ ಅಜ್ಜನೇ ಊರಿನ ಮಹಾ ಕ್ಷಮಾಶೀಲ. ಇದು ಅತಿವ್ಯಾಪ್ತಿ. ಇನ್ನೊಂದು ಕಡೆಯಿಂದ ನೋಡಿ. 1999ರ ಜನವರಿ 22ರ ರಾತ್ರಿ ಕಳೆದು 23ರ ಬೆಳಗು ಹರಿಯುವ ಮೊದಲು, ಒಡಿಶಾದ ಮನೋಹರಪುರದಲ್ಲಿ ವಾಹನದೊಳಗೆ ಮಲಗಿದ್ದ ಗ್ರಹಾಂ ಸ್ಟೇನ್ಸ್ ಅವರನ್ನೂ 10 ವರ್ಷದ ಫಿಲಿಪ್, 6 ವರ್ಷದ ತಿಮೋತಿಯರನ್ನೂ ಜೀವಂತ ಸುಟ್ಟರು. ಪತ್ನಿ ಗ್ಲಾಡಿಸ್ ತಾನು ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಆ ತಾಯಿ ಮಕ್ಕಳನ್ನು ಮರೆತರೆಂದು ನಂಬುವಿರಾ? ನೆನಪು ಹಾಗೇ ಉಳಿದಿತ್ತು. ನೆನಪಿಟ್ಟುಕೊಂಡೇ ಅವರು ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆಯನ್ನು ಮುಂದುವರಿಸಿದರು. ಮರೆವನ್ನೇ ಕ್ಷಮೆ ಎಂದರೆ ಈ ಮಹಾ ಕ್ಷಮೆ ನಮ್ಮ ಬೇಲಿಯ ಹೊರಗೆ ನಿಲ್ಲುತ್ತದೆ. ಧರ್ಮಸಭೆ 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥವೂ ಪರಲೋಕ ಮಂತ್ರವನ್ನು ವಿವರಿಸುವಾಗ, ನೋವು ತಾಕದಂತಿರುವುದಾಗಲಿ ಅದನ್ನು ಮರೆಯುವುದಾಗಲಿ ನಮ್ಮ ಕೈಯಲ್ಲಿಲ್ಲ ಎಂದು ಒಪ್ಪಿಕೊಳ್ಳುತ್ತದೆ. ಮರೆಯಲಾಗದೆ, 'ನಾನಿನ್ನೂ ಕ್ಷಮಿಸಿಲ್ಲವೇನೋ' ಎಂದು ವರ್ಷಗಟ್ಟಲೆ ಕೊರಗುವವರು ನಮ್ಮಲ್ಲಿ ಎಷ್ಟು ಜನ! ಅವರ ತಲೆಯಿಂದ ಈ ಭಾರವನ್ನು ಇಳಿಸಬಾರದೆ?

'ಹೋಗಲಿ ಬಿಡು, ಏನೂ ಆಗಿಲ್ಲ ಎನ್ನುವುದು' ಎಂದು ಕೆಲವರು ಬರೆದಿರುತ್ತಾರೆ. ಇದು ಒಂಟಿ ಗೊರಸಿನ ಹಸು. ಏನೂ ಆಗಿಲ್ಲವಾದರೆ ಕ್ಷಮಿಸುವುದೇನನ್ನು?

ಮೂರನೆಯ ಉತ್ತರದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. 'ಮತ್ತೆ ಮೊದಲಿನಂತೆಯೇ ಇರುವುದು.' ಕೇಳಲು ಎಷ್ಟು ಹಿತ! ಆದರೆ ಈ ಅರ್ಥ ನಮ್ಮ ಕುಟುಂಬಗಳಲ್ಲಿ ಮಾಡಿರುವ ಅನಾಹುತ ಸಣ್ಣದಲ್ಲ. ಗಂಡ ಕುಡಿದು ಬಂದು ಹೊಡೆಯುತ್ತಾನೆ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬರುತ್ತಾಳೆ. ಮೂರನೆಯ ದಿನ ಹಿರಿಯರು ಸೇರುತ್ತಾರೆ. ಅವನು ತಲೆ ತಗ್ಗಿಸಿ ಕುಳಿತಿರುತ್ತಾನೆ. 'ಯೇಸು ಸ್ವಾಮಿ ಶಿಲುಬೆಯ ಮೇಲೆ ಕ್ಷಮಿಸಲಿಲ್ಲವೆ? ಕ್ಷಮಿಸಿಬಿಡಮ್ಮ, ಹೋಗು' ಎನ್ನುತ್ತಾರೆ. ಆ ಮಾತಿನಲ್ಲಿ 'ಕ್ಷಮಿಸು' ಎಂಬುದಕ್ಕೆ ಇರುವುದು ಒಂದೇ ಅರ್ಥ: ಇವತ್ತು ಸಂಜೆಯ ಬಸ್ಸು ಹತ್ತು. ಇಂಥ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೆಂದು ಎದೆ ಮುಟ್ಟಿ ಹೇಳುವವರು ಯಾರು?

ಒಂದು ಪದದ ಅರ್ಥವನ್ನು ಓದುವಾಗ, ಅದನ್ನು ಬರೆದವರು ಯಾರು ಎಂಬುದನ್ನೂ ಕೇಳಬೇಕು. ನಮ್ಮ ಮನೆಗಳಲ್ಲಿ ಕ್ಷಮೆಗೆ ಅರ್ಥ ಬರೆದವರು ಹೆಚ್ಚಾಗಿ ಅದನ್ನು ಪಡೆಯಬೇಕಾದವರು, ಇಲ್ಲವೆ ಮನೆಯ ಮಾನಕ್ಕೆ ಅಂಜಿದವರು. ಕೊಡಬೇಕಾದವರ ಕೈಗೆ ಪೆನ್ನು ಸಿಕ್ಕಿದ್ದು ಕಡಿಮೆ. ತಮಗೆ ಅನುಕೂಲವಾದ ಬೆಲೆಯನ್ನು ತಾವೇ ಚೀಟಿಯಲ್ಲಿ ಬರೆದು ತಂದು, ಅಂಗಡಿಯವನಿಗೆ 'ಇಷ್ಟೇ ಕೊಡುವುದು' ಎಂದ ಹಾಗಾಯಿತು.

ಧರ್ಮಸಭೆ ಹೀಗೆ ಹೇಳಿದೆಯೆ? ಇಲ್ಲ. ಸಂಗಾತಿಯಿಂದ ಆತ್ಮಕ್ಕಾಗಲಿ ದೇಹಕ್ಕಾಗಲಿ ಗಂಭೀರ ಅಪಾಯವಿದ್ದರೆ, ಮಕ್ಕಳಿಗೆ ಅಪಾಯವಿದ್ದರೆ, ಬೇರೆ ವಾಸಿಸಲು ಧರ್ಮಸಭೆಯ ಕಾನೂನು ಸಂಹಿತೆಯ 1153ನೇ ಕಟ್ಟಳೆ ನ್ಯಾಯವಾದ ಕಾರಣ ಒದಗಿಸುತ್ತದೆ. ಪೋಪ್ ಫ್ರಾನ್ಸಿಸ್ ಅವರು 2016ರಲ್ಲಿ ಕುಟುಂಬ ಪ್ರೀತಿಯನ್ನು ಕುರಿತು ಬರೆದ ಪ್ರಬೋಧನೆಯಲ್ಲಿ, ಹಿಂಸೆಯಿಂದ ದುರ್ಬಲರನ್ನೂ ಮಕ್ಕಳನ್ನೂ ಕಾಪಾಡಲು ಅಗಲಿಕೆ ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯವಾಗಬಹುದು ಎಂಬ ನಿಲುವನ್ನು ಸ್ಪಷ್ಟಪಡಿಸಿದರು. ದೇಶದ ಕಾನೂನೂ ಇದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯಡಿ ಆಕೆ ಮನೆ ಬಿಟ್ಟು ಹೋಗಲೇಬೇಕೆಂದಿಲ್ಲ. ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ರಕ್ಷಣೆಯ ಆದೇಶವನ್ನೂ ನ್ಯಾಯಾಲಯದಲ್ಲಿ ಕೇಳಬಹುದು. ಇದನ್ನು ಕೇಳಿದವಳು ಕ್ಷಮಿಸದವಳು ಎಂದು ಶುಭಸಂದೇಶದ ಯಾವ ಪುಟದಲ್ಲೂ ಇಲ್ಲ. ಸಂತ ಲೂಕನ ಶುಭಸಂದೇಶದ 17ನೇ ಅಧ್ಯಾಯವನ್ನು ತೆರೆದು ನೋಡಿ. ಅಲ್ಲಿ ಪ್ರಭು ತಪ್ಪು ಮಾಡಿದ ಸಹೋದರನನ್ನು ಮೊದಲು ಗದರಿಸಲು ಹೇಳುತ್ತಾರೆ. ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸುವ ಮಾತು ಆಮೇಲೆ ಬರುತ್ತದೆ. ಹಿರಿಯರ ಪಂಚಾಯಿತಿಯಲ್ಲಿ ಆ ಗದರಿಕೆ ಎಲ್ಲಿ ಹೋಗುತ್ತದೋ ಕಾಣೆ.

ಮೊದಲಿನಂತೆ ಕೂಡಿ ಬಾಳುವುದಕ್ಕೆ ಬೇರೆ ಹೆಸರಿದೆ, ಸಮಾಧಾನ. ಕ್ಷಮೆಗೆ ಒಬ್ಬರು ಸಾಕು. ಸಮಾಧಾನಕ್ಕೆ ಇಬ್ಬರು ಬೇಕು, ಅದರಲ್ಲೂ ಬದಲಾದ ಒಬ್ಬರು ಬೇಕು. ಮಧ್ಯಪ್ರದೇಶದಲ್ಲಿ ಬಡ ರೈತರ ಪರವಾಗಿ ದುಡಿಯುತ್ತಿದ್ದ ಸಿಸ್ಟರ್ ರಾಣಿ ಮರಿಯಾ ಅವರನ್ನು 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಇರಿದು ಕೊಂದವನು ಸಮಂದರ್ ಸಿಂಗ್. 2002ರಲ್ಲಿ ರಾಣಿ ಮರಿಯಾ ಅವರ ತಂಗಿ, ತಾನೂ ಕನ್ಯಾಸ್ತ್ರೀಯಾಗಿದ್ದ ಸಿಸ್ಟರ್ ಸೆಲ್ಮಿ, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಅವನು ಮಾಡಿದ್ದಕ್ಕೆ ಪಶ್ಚಾತ್ತಾಪಪಟ್ಟಿದ್ದ. ಆ ಕುಟುಂಬದವರೂ ಕೋರಿಕೊಂಡ ಮೇಲೆ 2006ರಲ್ಲಿ ಅವನ ಬಿಡುಗಡೆಯಾಯಿತು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಪುನೀತೆಯೆಂದು ಘೋಷಿಸಲಾಯಿತು. ಇಲ್ಲಿ ಕ್ಷಮೆಯೂ ಇದೆ, ಅದರ ಮೇಲೆ ಸಮಾಧಾನವೂ ಆಗಿದೆ. ಎರಡನೆಯದು ಆಗದೆ ಹೋಗಿದ್ದರೂ ಮೊದಲನೆಯದು ಸುಳ್ಳಾಗುತ್ತಿರಲಿಲ್ಲ.

ಇಷ್ಟೆಲ್ಲ ಅಲ್ಲ, ಅಲ್ಲ ಎಂದ ಮೇಲೆ ನಾನೇನು ಬರೆಯುತ್ತೇನೆ ಎಂದು ನೀವು ಕೇಳುವುದು ನ್ಯಾಯ. ಬರೆಯುವ ಮುನ್ನ ನಮ್ಮ ಕನ್ನಡದ ಒಂದು ಪದವನ್ನು ನೋಡಿ: ಮನ್ನಿಸು. ಅದಕ್ಕೆ ಕ್ಷಮಿಸು ಎಂಬ ಅರ್ಥವಿದೆ, ಗೌರವಿಸು ಎಂಬ ಅರ್ಥವೂ ಇದೆ. ಮನ್ನಣೆ ಎಂಬುದು ಅದರ ಮನೆತನದ್ದೇ. ತಪ್ಪು ಮಾಡಿದವನಿಗೆ ಗೌರವವೆ ಎಂದು ಹುಬ್ಬೇರಿಸಬೇಡಿ. ಬೆಳೆ ಕೆಡಿಸಿದ ಮಳೆಯನ್ನು ನಾವು ಮನ್ನಿಸುವುದಿಲ್ಲ, ಕಚ್ಚಿದ ನಾಯಿಯನ್ನೂ ಮನ್ನಿಸುವುದಿಲ್ಲ. ಬೇರೆ ರೀತಿ ನಡೆಯಬಹುದಾಗಿದ್ದ, ತನ್ನ ಕೆಲಸಕ್ಕೆ ತಾನೇ ಉತ್ತರ ಕೊಡಬೇಕಾದ ಮನುಷ್ಯನನ್ನು ಮಾತ್ರ ಮನ್ನಿಸುತ್ತೇವೆ. 'ಪಾಪ, ಅವನ ಸ್ವಭಾವವೇ ಹಾಗೆ' ಎನ್ನುವುದರಲ್ಲಿ ಆ ಮನ್ನಣೆ ಇಲ್ಲ.

ಇನ್ನು ಸಂತ ಮತ್ತಾಯನು ಬರೆದಿಟ್ಟಿರುವ ಇಬ್ಬರು ಸೇವಕರ ಸಾಮತಿ. ಒಬ್ಬನು ರಾಜನಿಗೆ ಕೊಡಬೇಕಾದದ್ದು 10,000 ತಲಾಂತು. ಇನ್ನೊಬ್ಬನು ಅವನಿಗೆ ಕೊಡಬೇಕಾದದ್ದು 100 ದಿನಾರಿ. ಒಂದು ದಿನಾರಿ ಎಂದರೆ ಕೂಲಿಯವನ ಒಂದು ದಿನದ ಸಂಬಳ, ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಮೊದಲನೆಯವನ ಸಾಲ ಹಾಗಾದರೆ 6 ಕೋಟಿ ದಿನಗಳ ದುಡಿಮೆ. ಈ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಆ 100 ದಿನಾರಿಯ ಕಡೆಗೆ. ಅದು ಬಡ ಕುಟುಂಬವೊಂದರ ಮೂರು ತಿಂಗಳಿಗೂ ಮೀರಿದ ಅನ್ನ. ನಿನಗಾದ ನಷ್ಟ ಏನೂ ಅಲ್ಲ ಎಂದು ಪ್ರಭು ಹೇಳಲಿಲ್ಲ. ಮತ್ತೊಂದು ಮಾತು, ರಾಜನು ಮನ್ನಾ ಮಾಡುವ ಮೊದಲು ಲೆಕ್ಕ ತೆಗೆಸಿದ. ಮೊತ್ತ ಗೊತ್ತಿಲ್ಲದೆ ಸಾಲ ಮನ್ನಾ ಮಾಡಲು ಬರುವುದಿಲ್ಲ.

ಆ ಕಥೆಯಲ್ಲಿ ಸಾಲ ಒಂದೇ, ಹಣದ್ದು. ನಮ್ಮ ಬದುಕಿನಲ್ಲಿ ಯಾರಾದರೂ ಕೇಡು ಮಾಡಿದಾಗ ಎರಡು ಸಾಲ ಹುಟ್ಟುತ್ತವೆ. ತಮ್ಮ ಸುಳ್ಳು ಹೇಳಿ ಅಣ್ಣನಿಂದ ಎರಡು ಲಕ್ಷ ಪಡೆದು ಕೈಯೆತ್ತಿದ ಎನ್ನಿ. ಎರಡು ಲಕ್ಷ ಒಂದು ಸಾಲ. 'ಇವನಿಗೂ ಹೀಗೇ ಆಗಬೇಕು, ನಾನು ಕಣ್ಣಾರೆ ನೋಡಬೇಕು' ಎಂಬುದು ಇನ್ನೊಂದು ಸಾಲ, ಅಣ್ಣನ ಎದೆಯೊಳಗಿನ ಖಾತೆಯಲ್ಲಿ ಬರೆದದ್ದು. ಹಣವನ್ನು ಬಿಟ್ಟುಕೊಟ್ಟರೆ ಅದು ಅಣ್ಣನ ಔದಾರ್ಯ. ಕ್ಷಮೆಯ ಮಾತು ಎರಡನೆಯ ಖಾತೆಗೆ ಸೇರಿದ್ದು. ಪಾಪನಿವೇದನೆಯಲ್ಲೂ ಹೀಗೆಯೇ ಅಲ್ಲವೆ? ಕದ್ದವನಿಗೆ ಕ್ಷಮೆ ದೊರೆತರೂ ಕದ್ದ ಮಾಲನ್ನು ಹಿಂದಿರುಗಿಸುವ ಹೊಣೆ ತಪ್ಪುವುದಿಲ್ಲ.

ಆದ್ದರಿಂದ ನನ್ನ ಹಾಳೆಯಲ್ಲಿ ಹೀಗಿದೆ: ಕ್ಷಮೆ ಎಂದರೆ, ಆದ ಕೇಡನ್ನು ಕೇಡೆಂದೇ ಕರೆದು, ಅದಕ್ಕೆ ಪ್ರತಿಯಾಗಿ ನನಗೆ ಸಲ್ಲಬೇಕೆಂದು ಬರೆದಿಟ್ಟುಕೊಂಡ ಸೇಡನ್ನು ನನ್ನ ಕೈಯಾರೆ ಹೊಡೆದುಹಾಕಿ, ಕೇಡು ಮಾಡಿದವನ ಒಳಿತನ್ನು ಬಯಸುವುದು.

ಇದನ್ನೂ ಅದೇ ಅಳತೆಗೋಲಿಗೆ ಹಚ್ಚಿ ನೋಡಿ. ಯಜಮಾನನಿಗೆ ಅಂಜಿ ಸೇಡು ಬಿಟ್ಟ ಆಳು ಇದರೊಳಗೆ ಬರುವುದಿಲ್ಲ, ಏಕೆಂದರೆ ಅವನು ಒಳಿತು ಬಯಸುವುದಿಲ್ಲ. ತೀರಿಹೋದ ತಂದೆಯನ್ನು ಕ್ಷಮಿಸುವ ಮಗ ಒಳಗೆ ಬರುತ್ತಾನೆ. ಅವರ ಆತ್ಮಕ್ಕಾಗಿ ಪ್ರಾರ್ಥಿಸಬಹುದಲ್ಲ. ಪೊಲೀಸರಿಗೆ ದೂರು ಕೊಟ್ಟ ಹೆಂಡತಿ? ಖಂಡಿತ ಬರಬಹುದು. ಹೊಡೆಯುವ ಕೈಯನ್ನು ತಡೆಯುವುದು ಆ ಕೈಯವನಿಗೂ ಒಳಿತೇ. ಪೋಪ್ ಎರಡನೇ ಜಾನ್ ಪಾಲ್ ಅವರಿಗೆ 1981ರ ಮೇ 13ರಂದು ಗುಂಡು ತಗುಲಿತು. ನಾಲ್ಕೇ ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆಯಿಂದಲೇ ಅವರು ಕ್ಷಮೆಯ ಮಾತನ್ನಾಡಿದರು. 1983ರ ಡಿಸೆಂಬರ್ 27ರಂದು ಜೈಲಿಗೆ ಹೋಗಿ, ಗುಂಡು ಹಾರಿಸಿದ ಮೆಹಮತ್ ಅಲಿ ಅಗ್ಕಾನ ಪಕ್ಕದಲ್ಲಿ ಕುಳಿತು ಮಾತನಾಡಿದರು. ಆ ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಅಂದು ಪೋಪರು ಎದ್ದು ಹೊರಬಂದ ಮೇಲೆ ಕೋಣೆಯ ಬಾಗಿಲಿಗೆ ಮತ್ತೆ ಬೀಗ ಬಿತ್ತು. ಇಟಲಿಯ ರಾಷ್ಟ್ರಾಧ್ಯಕ್ಷರು ಅವನಿಗೆ ಕ್ಷಮಾದಾನ ಕೊಟ್ಟದ್ದು 2000ದಲ್ಲಿ. ನಡುವಿನ ಹದಿನಾರು ವರ್ಷಗಳಲ್ಲಿ ಪೋಪರ ಕ್ಷಮೆ ಅರ್ಧವಾಗಿತ್ತೆಂದು ಯಾರಾದರೂ ಹೇಳಿದ್ದುಂಟೆ?

ಹೀಗೆ ಎಲ್ಲರೂ ತಮಗೆ ತೋಚಿದಂತೆ ಅರ್ಥ ಬರೆಯುತ್ತ ಹೋದರೆ ಗತಿಯೇನು ಎಂದು ಕೇಳುವಿರಿ. ನಿಜ, ಪದಗಳು ಯಾರ ಪಿತ್ರಾರ್ಜಿತ ಆಸ್ತಿಯೂ ಅಲ್ಲ. ಸ್ವಂತ ಮಾತಿನಲ್ಲಿ ಬರೆಯುವುದೆಂದರೆ ಸ್ವಂತ ಲಾಭಕ್ಕೆ ಬರೆಯುವುದಲ್ಲ. ಬರೆದವನಿಗೆ ಅದರಿಂದ ಏನೂ ಖರ್ಚಿಲ್ಲದಿದ್ದರೆ ಆ ವ್ಯಾಖ್ಯೆಯನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಮೇಲಿನ ನನ್ನ ಸಾಲೂ ಅಗ್ಗದ್ದಲ್ಲ ಎಂಬುದು ಪಾಲುಪಟ್ಟಿಯ ಜಗಳದಲ್ಲಿ ಅಣ್ಣತಮ್ಮಂದಿರೊಡನೆ ಮಾತು ಬಿಟ್ಟವರಿಗೆ ಗೊತ್ತಾಗುತ್ತದೆ. 'ಮರೆತಿದ್ದೇನೆ' ಎಂದು ನಟಿಸುವುದು ಅದಕ್ಕಿಂತ ಸುಲಭ.

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಕ್ಷಮಿಸಿದೆ ಎಂದುಕೊಂಡಿರುತ್ತೇವೆ. ಆರು ತಿಂಗಳ ಮೇಲೆ ಮದುವೆಯ ಊಟದಲ್ಲಿ ಆ ಮುಖ ಎದುರಾದೊಡನೆ ಅದೇ ಕಿಚ್ಚು ಎದ್ದುಬರುತ್ತದೆ. ಹಾಗಾದರೆ ಮೊದಲಿನ ಕ್ಷಮೆ ಸುಳ್ಳೆ? ಎಷ್ಟು ಸಾರಿ ಕ್ಷಮಿಸಬೇಕೆಂದು ಪೇತ್ರನು ಕೇಳಿದಾಗ ಪ್ರಭು ಕೊಟ್ಟ ಸಂಖ್ಯೆಯನ್ನು ಕೆಲವು ಅನುವಾದಗಳಲ್ಲಿ 77 ಎಂದೂ ಕೆಲವುಗಳಲ್ಲಿ ಏಳೆಪ್ಪತ್ತು ಎಂದೂ ಓದುತ್ತೇವೆ. ಅದು ಅಷ್ಟು ಬೇರೆಬೇರೆ ತಪ್ಪುಗಳ ಎಣಿಕೆ ಎಂದು ತಿಳಿಯುವುದು ವಾಡಿಕೆ. ಒಂದೇ ತಪ್ಪನ್ನು ಅಷ್ಟು ಸಲ, ಅದು ನೆನಪಾದಾಗಲೆಲ್ಲ, ಎಂದೂ ಓದಬಹುದು ಎಂದು ನನಗೆ ತೋರುತ್ತದೆ. ಹೊಡೆದುಹಾಕಿದ ಸಾಲು ಖಾತೆಯಿಂದ ಮಾಯವಾಗಿರುವುದಿಲ್ಲ, ಅಡ್ಡಗೆರೆಯ ಕೆಳಗೆ ಓದಲು ಬರುತ್ತಲೇ ಇರುತ್ತದೆ. ಮದುವೆಯ ಊಟದಲ್ಲಿ ಅದು ಮತ್ತೆ ಕಣ್ಣಿಗೆ ಬಿದ್ದರೆ, ಎಲೆಯ ಮುಂದೆ ಕುಳಿತೇ ಇನ್ನೊಂದು ಗೆರೆ ಎಳೆದು ಊಟ ಮುಂದುವರಿಸಬಹುದು.