ಜೀರ್ಣೋದ್ಧಾರ ಧರ್ಮ

ಶರನ್ನವರಾತ್ರಿಯ ಒಂಬತ್ತನೆಯ ದಿನ ಆಯುಧಪೂಜೆ. ಅಂದು ನೇಗಿಲಿಗೂ ಕತ್ತರಿಗೂ, ತಕ್ಕಡಿಗೂ ಹೊಲಿಗೆಯಂತ್ರಕ್ಕೂ, ಲೇಖನಿಗೂ ಲೆಕ್ಕದ ಪುಸ್ತಕಕ್ಕೂ ಸಮಾನವಾದ ಗೌರವ. ವರ್ಷವಿಡೀ ಅವುಗಳನ್ನು ದುಡಿಸಿಕೊಂಡವನು ಅಂದೊಂದು ದಿನ ತೊಳೆದು ಒರಸಿ, ಅರಿಶಿನ ಕುಂಕುಮವಿಟ್ಟು, ಹೂವೇರಿಸಿ ಕೈಮುಗಿದು ನಿಲ್ಲುತ್ತಾನೆ. ಜಡವಸ್ತುವಿನಲ್ಲಿಯೂ ದೈವವನ್ನು ಕಾಣುವ ಈ ದೃಷ್ಟಿ ಭಾರತೀಯ ಸಂಸ್ಕೃತಿಯ ಹಿರಿಮೆಯೆಂದು ವೇದಿಕೆಗಳ ಮೇಲೆ ಪ್ರತಿವರ್ಷವೂ ಹೇಳಲಾಗುತ್ತದೆ. ಅದು ನಿಜವೂ ಹೌದು. ಆದರೆ ಆ ಪೂಜೆ ಸಲ್ಲುವುದು ಸಾಮಾನ್ಯವಾಗಿ ದುಡಿಯುತ್ತಿರುವ ಉಪಕರಣಕ್ಕೆ ಮಾತ್ರ. ದುಡಿದು ಸವೆದು ಮೂಲೆ ಸೇರಿದ ಉಪಕರಣವನ್ನು ಅಂದು ನೆನೆಯುವವರು ವಿರಳ. ಪೂಜೆಗೊಂಡ ವಸ್ತು ಮುಪ್ಪಾದ ಮೇಲೆ, ಪೂಜಿಸಿದವನಿಗೆ ಅದರ ವಿಷಯದಲ್ಲಿ ಕರ್ತವ್ಯವೇನಾದರೂ ಉಳಿದಿರುತ್ತದೆಯೆ?

ಈ ಪ್ರಶ್ನೆಯನ್ನು ಗ್ರಂಥಗಳ ನಡುವೆ ಕುಳಿತು ಕೇಳುವುದಕ್ಕಿಂತ ಕಡಲತೀರದಲ್ಲಿ ನಿಂತು ಕೇಳುವುದು ಲೇಸು. ಚೆನ್ನೈ ನಗರದಲ್ಲಿ ನೆಲೆಸಿದ ಕನ್ನಡಿಗರಿಗೆ ನೊಚ್ಚಿಕುಪ್ಪಂ, ಪಟ್ಟಿನಪಾಕ್ಕಂ ತೀರಗಳು ಅಪರಿಚಿತವಲ್ಲ. ಮರಳಿನ ಮೇಲೆ ಸಾಲಾಗಿ ಎಳೆದಿಟ್ಟ ಬಣ್ಣಬಣ್ಣದ ಮೀನುದೋಣಿಗಳಲ್ಲಿ ಬಹುಪಾಲು ಫೈಬರ್‌ಗ್ಲಾಸಿನವು. ಗಾಜಿನ ಎಳೆಗಳ ಹಾಸನ್ನು ರೆಸಿನ್ ಎಂಬ ಅಂಟುದ್ರವದಲ್ಲಿ ತೋಯಿಸಿ, ಅಚ್ಚಿನೊಳಗೆ ಪದರದ ಮೇಲೆ ಪದರವಿಟ್ಟು ಗಟ್ಟಿಗೊಳಿಸಿದ ಒಡಲು ಅವುಗಳದು. ಇಂಥ ತೀರಗಳಲ್ಲಿ ದೋಣಿಸಾಲಿನ ಹಿಂಬದಿಗೆ ಕಣ್ಣು ಹಾಯಿಸಿದರೆ, ಬಣ್ಣ ಮಾಸಿ, ಅಂಚು ಸಿಡಿದು, ಹೊಟ್ಟೆಯಲ್ಲಿ ಮಳೆನೀರನ್ನೂ ಮರಳನ್ನೂ ತುಂಬಿಕೊಂಡು ಬಿದ್ದಿರುವ ಒಂದಾದರೂ ಹಳೆಯ ದೋಣಿ ಕಂಡೀತು. ಮಕ್ಕಳು ಅದರೊಳಗೆ ಆಡುತ್ತಾರೆ, ನಾಯಿಗಳು ಅದರ ನೆರಳಿನಲ್ಲಿ ಮಲಗುತ್ತವೆ. ಅದರ ಒಡೆಯ ಇನ್ನೊಂದು ದೋಣಿಯಲ್ಲಿ ಕಡಲಿಗೆ ಹೋಗಿರುತ್ತಾನೆ.

ಈ ತೀರ ಒಂದು ಕಾಲಕ್ಕೆ ಕಟ್ಟುಮರದ ತೀರವಾಗಿತ್ತು. ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಟ್ಟಿದ ಆ ಸರಳ ತೆಪ್ಪದ ಹೆಸರೇ ಇಂಗ್ಲಿಷಿಗೂ ಹೋಗಿ ‘ಕ್ಯಾಟಮರಾನ್’ ಆಯಿತು. 1979ರಲ್ಲಿ ಮದ್ರಾಸನ್ನು ಕೇಂದ್ರವಾಗಿಟ್ಟುಕೊಂಡು ಆರಂಭವಾದ ಬಂಗಾಳ ಕೊಲ್ಲಿ ಕಾರ್ಯಕ್ರಮವು, ಅಲೆಗಳನ್ನು ಸೀಳಿ ಮರಳಿನ ಮೇಲೆ ಬಂದಿಳಿಯಬಲ್ಲ ದೋಣಿಗಳ ವಿನ್ಯಾಸಕ್ಕೆ ಶ್ರಮಿಸಿತು. ಅವುಗಳಲ್ಲಿ ಫೈಬರ್‌ಗ್ಲಾಸಿನವೂ ಇದ್ದವು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದ ಮೇಲಂತೂ ಪರಿಹಾರದ ರೂಪದಲ್ಲಿ ಹೊಸ ಫೈಬರ್ ದೋಣಿಗಳು ಕೋರಮಂಡಲ ತೀರದುದ್ದಕ್ಕೂ ಬಂದಿಳಿದವು. ಪಶ್ಚಿಮದಲ್ಲಿಯೂ ಕಥೆ ಬೇರೆಯಲ್ಲ. ಕನ್ನಡ ಕರಾವಳಿಯಲ್ಲಿ ಮಾವಿನ ಮರವನ್ನು ಕೊರೆದು ಮಾಡುತ್ತಿದ್ದ ಪಾತಿದೋಣಿಯ ಸ್ಥಾನವನ್ನು ಅನೇಕ ಕಡೆಗಳಲ್ಲಿ ಫೈಬರ್ ದೋಣಿಯೇ ಹಿಡಿಯಿತು. ಹಗುರ, ಹುಳು ಹತ್ತುವುದಿಲ್ಲ, ಮೀನೆಣ್ಣೆ ಬಳಿದು ಕಾಪಾಡುವ ಕೆಲಸವಿಲ್ಲ. ದುಡಿಯುವವನಿಗೆ ಇವೆಲ್ಲ ಸಣ್ಣ ಗುಣಗಳಲ್ಲ.

ಆದರೆ ಮರದ ದೋಣಿಗೆ ಇದ್ದ ಒಂದು ಭಾಗ್ಯ ಇದಕ್ಕಿಲ್ಲ. ಮರದ ದೋಣಿ ಸಾಯಬಲ್ಲದು. ಮುಪ್ಪಾದಾಗ ಅದರ ಹಲಗೆ ಬಚ್ಚಲ ಒಲೆಗೆ ಸೌದೆಯಾಗುತ್ತಿತ್ತು, ದನದ ಕೊಟ್ಟಿಗೆಗೆ ಅಡ್ಡಪಟ್ಟಿಯಾಗುತ್ತಿತ್ತು, ಏನೂ ಆಗದಿದ್ದರೆ ಮಣ್ಣಿನಲ್ಲಿ ಕರಗುತ್ತಿತ್ತು. ಫೈಬರ್‌ಗ್ಲಾಸ್ ಮಣ್ಣಾಗುವುದಿಲ್ಲ. ಸುಟ್ಟರೆ ವಿಷದ ಹೊಗೆ ಏಳುತ್ತದೆ, ಗಾಜಿನ ಎಳೆ ಬೂದಿಯಲ್ಲಿ ಹಾಗೆಯೇ ಉಳಿಯುತ್ತದೆ. ಲೋಹದಂತೆ ಕರಗಿಸಿ ಮತ್ತೆ ಎರಕ ಹೊಯ್ಯುವುದಕ್ಕೂ ಬರುವುದಿಲ್ಲ. ಬಿಸಿಲಿಗೆ ಪುಡಿಪುಡಿಯಾಗಿ ಉದುರಿದರೂ ಆ ಪುಡಿ ಮರಳಿನಲ್ಲಿ, ನೀರಿನಲ್ಲಿ, ಕೊನೆಗೆ ಮೀನಿನ ಒಡಲಿನಲ್ಲಿ ಸೇರಬಹುದೇ ಹೊರತು ಇಲ್ಲವಾಗುವುದಿಲ್ಲ.

ಪ್ರಾಚೀನರು ಜೀರ್ಣವಸ್ತುವಿನ ವಿಷಯದಲ್ಲಿ ಎಷ್ಟು ಸೂಕ್ಷ್ಮವಾಗಿ ಚಿಂತಿಸಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಅಗ್ನಿಪುರಾಣದಲ್ಲಿ ಜೀರ್ಣೋದ್ಧಾರಕ್ಕೆ ಮೀಸಲಾದ ಅಧ್ಯಾಯವೇ ಇದೆ. ಮರದ ವಿಗ್ರಹ ಜೀರ್ಣವಾದರೆ ಅದನ್ನು ಅಗ್ನಿಗೆ ಒಪ್ಪಿಸಬೇಕು, ಶಿಲಾವಿಗ್ರಹವನ್ನು ನೀರಿಗೆ ಬಿಡಬೇಕು, ಲೋಹದ್ದನ್ನು ಆಳವಾದ ಜಲಕ್ಕೆ ಸಲ್ಲಿಸಬೇಕು ಎಂಬ ವಿಧಿ ಅಲ್ಲಿದೆ. ಅಷ್ಟೇ ಅಲ್ಲ, ಬಾವಿ ಕೆರೆಗಳ ಜೀರ್ಣೋದ್ಧಾರವೂ ಮಹಾಫಲವನ್ನು ಕೊಡುವುದೆಂದು ಆ ಅಧ್ಯಾಯ ಹೇಳುತ್ತದೆ. ಅಂದರೆ ಈ ಧರ್ಮ ಗರ್ಭಗುಡಿಗೆ ಮಾತ್ರ ಸೀಮಿತವಲ್ಲ. ಪುರಿಯ ಜಗನ್ನಾಥನ ದಾರುವಿಗ್ರಹಗಳಿಗೂ ನವಕಳೇಬರ ಎಂಬ ಉತ್ಸವದಲ್ಲಿ ಹೊಸ ದೇಹ ಒದಗುತ್ತದೆ, ಹಳೆಯ ದೇಹಗಳು ಅಲ್ಲಿಯೇ ಕೊಯಿಲಿ ವೈಕುಂಠದ ಮಣ್ಣು ಸೇರುತ್ತವೆ. 2015ರಲ್ಲಿ ಅದು ನಡೆಯಿತು. ಮರಕ್ಕೆ ಬೆಂಕಿ ಅಥವಾ ಮಣ್ಣು, ಕಲ್ಲಿಗೆ ನೀರು. ಪ್ರತಿಯೊಂದು ದ್ರವ್ಯಕ್ಕೂ ಅದರದರ ಅಂತ್ಯಸಂಸ್ಕಾರವುಂಟು. ಪಂಚಭೂತಗಳಲ್ಲಿ ಯಾವುದೂ ಸ್ವೀಕರಿಸದ ದ್ರವ್ಯವೊಂದನ್ನು ಮನುಷ್ಯ ಸೃಷ್ಟಿಸಿಯಾನೆಂದು ಆ ಶಾಸ್ತ್ರಕಾರರು ಊಹಿಸಿರಲಾರರು.

ಹೀಗೆನ್ನುವಾಗ ಒಂದು ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಭಗವಂತನು ಜೀರ್ಣವಾದ ಬಟ್ಟೆಯನ್ನು ಬಿಟ್ಟು ಹೊಸದನ್ನು ಉಡುವ ಮನುಷ್ಯನ ದೃಷ್ಟಾಂತವನ್ನು ಕೊಡಲಿಲ್ಲವೆ? ಹಳೆಯ ದೋಣಿಗೆ ಅಂಟಿಕೊಳ್ಳುವುದು ಮೋಹವಲ್ಲವೆ? ಆಕ್ಷೇಪದಲ್ಲಿ ತಿರುಳಿದೆ. ತಂದೆ ನಡೆಸಿದ ದೋಣಿಯೆಂಬ ಒಂದೇ ಕಾರಣಕ್ಕೆ, ತಳ ಸೋರುತ್ತಿದ್ದರೂ ಮಗ ಅದರಲ್ಲಿಯೇ ಕಡಲಿಗಿಳಿದರೆ ಅದು ಪಿತೃಭಕ್ತಿಯಲ್ಲ. ಆದರೆ ಆ ದೃಷ್ಟಾಂತ ಆತ್ಮನನ್ನು ಕುರಿತದ್ದು, ಬಟ್ಟೆಯನ್ನು ಕುರಿತದ್ದಲ್ಲ. ಬಿಟ್ಟ ಬಟ್ಟೆ ಎಲ್ಲಿ ಬಿತ್ತೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ, ಏಕೆಂದರೆ ಹತ್ತಿಯ ಬಟ್ಟೆ ಬಿದ್ದಲ್ಲಿಯೇ ಮಣ್ಣಾಗುತ್ತದೆ. ತ್ಯಾಗವೆಂಬ ಮಾತು ಸುಲಭವಾಗುವುದು, ತ್ಯಜಿಸಿದ್ದನ್ನು ಹೊರಲು ಭೂಮಿ ಒಪ್ಪಿದಾಗ ಮಾತ್ರ. ಒಪ್ಪದಿದ್ದಾಗ ಒಬ್ಬನ ವೈರಾಗ್ಯ ಇನ್ನೊಬ್ಬನ ಅಂಗಳದ ಕಸವಾಗುತ್ತದೆ.

ಆದುದರಿಂದ ಹಳೆಯ ಫೈಬರ್ ದೋಣಿಯನ್ನು ಸರಿಪಡಿಸಲು ಹೊರಟವನು ಕೇವಲ ಮಿತವ್ಯಯಿಯಲ್ಲ. ತಾನು ಉಪಯೋಗಿಸಿದ್ದರ ಭಾರವನ್ನು ತಾನೇ ಹೊರಲು ಮುಂದಾದವನು ಅವನು. ಆದರೆ ಈ ಕೆಲಸದಲ್ಲಿ ಪುಣ್ಯ ಎಷ್ಟು ಸಮೀಪದಲ್ಲಿದೆಯೋ ಪಾಪವೂ ಅಷ್ಟೇ ಸಮೀಪದಲ್ಲಿದೆ. ಅದನ್ನು ತುಸು ವಿವರವಾಗಿ ನೋಡಬೇಕು.

ಫೈಬರ್ ದೋಣಿಯ ಹೊರಮೈ ಮೋಸದ ಮೈ. ಜೆಲ್‌ಕೋಟ್ ಎಂಬ ನುಣುಪಾದ ಹೊರಪದರವನ್ನು ತಿಕ್ಕಿ ತೊಳೆದು ಮೇಲೊಂದು ಬಣ್ಣ ಹೊಡೆದರೆ ಇಪ್ಪತ್ತು ವರ್ಷದ ದೋಣಿ ನಿನ್ನೆ ಅಚ್ಚಿನಿಂದ ತೆಗೆದಂತೆ ಹೊಳೆಯುತ್ತದೆ. ರೋಗವಿರುವುದು ಒಳಗೆ. ಎಂಜಿನ್ ಕೂರಿಸುವ ಹಿಂಬದಿಯ ಗೋಡೆಯಲ್ಲಿ, ನೆಲದ ಕೆಳಗಿನ ತೊಲೆಗಳಲ್ಲಿ ಗಾಜಿನ ಪದರಗಳ ನಡುವೆ ಮರವನ್ನೋ ಪ್ಲೈವುಡ್ಡನ್ನೋ ಇಟ್ಟು ಮುಚ್ಚಿರುವುದುಂಟು. ಎಂದೋ ಕೊರೆದ ಒಂದು ಬೋಲ್ಟಿನ ರಂಧ್ರದಿಂದ ನೀರು ಹನಿಹನಿಯಾಗಿ ಒಳಸೇರಿ, ಹೊರಗೆ ಏನೂ ಕಾಣದಂತೆ ಆ ಮರವನ್ನು ಕೊಳೆಸುತ್ತದೆ. ತಳದಲ್ಲಿ ಗುಳ್ಳೆಗಳೆದ್ದಿದ್ದರೆ ಅವನ್ನು ಒಡೆದಾಗ ಹುಳಿವಾಸನೆಯ ದ್ರವ ಒಸರುತ್ತದೆ. ಪದರಗಳೊಳಗೆ ನೀರು ಇಳಿದಿದೆಯೆಂಬುದಕ್ಕೆ ಅದು ಸಾಕ್ಷಿ. ಇದನ್ನೆಲ್ಲ ಅರಿಯಲು ಬಲ್ಲವರು ದೊಡ್ಡ ಯಂತ್ರವನ್ನೇನೂ ತರುವುದಿಲ್ಲ. ಸಣ್ಣ ಸುತ್ತಿಗೆಯಿಂದ ಗೇಣುಗೇಣಿಗೂ ತಟ್ಟುತ್ತ ಕಿವಿಗೊಡುತ್ತಾರೆ. ಗಟ್ಟಿಯಾದ ಕಡೆ ಟಣ್ ಎನ್ನುತ್ತದೆ, ಕೊಳೆತ ಕಡೆ ದಬ್ ಎಂದು ಸತ್ತ ಸದ್ದು ಬರುತ್ತದೆ.

ಸತ್ತ ಸದ್ದು ಕೇಳಿದ ಆ ಕ್ಷಣವೇ ಧರ್ಮಸಂಕಟದ ಕ್ಷಣ. ತೆರೆದು ನೋಡಿದರೆ ಎಷ್ಟು ದೂರ ಕೊಳೆತಿದೆಯೋ, ಎಷ್ಟು ಹಣ ಬೇಕೋ ತಿಳಿಯದು. ಮೇಲೆ ಒಂದು ತೇಪೆ ಹಚ್ಚಿ ಬಣ್ಣ ಬಳಿದರೆ ಯಾರಿಗೂ ಗೊತ್ತಾಗದು, ಕನಿಷ್ಠಪಕ್ಷ ಮುಂದಿನ ಬಿರುಗಾಳಿಯವರೆಗೆ. ಹಾಗೆ ಬಣ್ಣ ಬಳಿದ ದೋಣಿಗೆ ಆಯುಧಪೂಜೆಯಂದು ಹಾರ ಹಾಕಿ ಕಾಯಿ ಒಡೆದರೆ ಆ ಪೂಜೆ ಯಾರಿಗೆ ಸಂದೀತು? ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಶ್ರೀರಾಮನನ್ನು ಗಂಗೆ ದಾಟಿಸಲು ಗುಹನು ತನ್ನವರಿಗೆ ಅಪ್ಪಣೆ ಕೊಡುವ ಸಂದರ್ಭವಿದೆ. ದೋಣಿ ಸುಂದರವಾಗಿರಲಿ ಎಂದು ಅವನು ಹೇಳುತ್ತಾನೆ, ನಿಜ. ಆದರೆ ಅದರೊಡನೆಯೇ ಹುಟ್ಟು ಇರಬೇಕು, ಚುಕ್ಕಾಣಿ ಹಿಡಿಯುವವನಿರಬೇಕು, ಸುಖವಾಗಿ ದಾಟಿಸುವಂತಿರಬೇಕು, ದೃಢವಾಗಿರಬೇಕು ಎಂದು ಒಂದೊಂದನ್ನೂ ಎಣಿಸುತ್ತಾನೆ. ಪ್ರಭುವನ್ನು ಕೂರಿಸುವ ದೋಣಿ ಸೋರಬಾರದೆಂಬ ಎಚ್ಚರವೂ ಆ ನಿಷಾದರಾಜನ ಭಕ್ತಿಯ ಭಾಗವೇ. ಇಂದಿನ ಮೀನುಗಾರನ ದೋಣಿಯಲ್ಲಿ ಕೂರುವವರು ಅವನ ಅಣ್ಣತಮ್ಮಂದಿರು, ಅಳಿಯಂದಿರು, ನೆರೆಮನೆಯ ಹುಡುಗರು. ಅವರ ಪ್ರಾಣ ಶ್ರೀರಾಮನ ಪ್ರಾಣಕ್ಕಿಂತ ಅಗ್ಗವೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ.

ತೆರೆದು ನೋಡುವ ಧೈರ್ಯ ಮಾಡಿದವನ ಮುಂದಿನ ಕೆಲಸ ಸುಲಭವಲ್ಲ. ಕೊಳೆತದ್ದನ್ನೆಲ್ಲ ಕೆತ್ತಿ ತೆಗೆಯಬೇಕು. ಒಡಲು ಪೂರ್ತಿ ಒಣಗುವವರೆಗೆ, ಕೆಲವೊಮ್ಮೆ ವಾರಗಟ್ಟಲೆ, ಕಾಯಬೇಕು. ಅಕ್ಟೋಬರಿನಲ್ಲಿ ಈಶಾನ್ಯ ಮಾರುತ ಇಳಿದ ಮೇಲೆ ಚೆನ್ನೈ ತೀರದಲ್ಲಿ ಈ ಕೆಲಸ ಮಾಡುವಂತಿಲ್ಲ, ಬೇಸಗೆಯಲ್ಲಿಯೇ ಮುಗಿಸಬೇಕು. ಅನಂತರ ಹೊಸ ಪದರ. ಇಲ್ಲೊಂದು ಗಮನಾರ್ಹ ಸಂಗತಿಯಿದೆ. ಹಳೆಯ ರೆಸಿನ್ ಎಂದೋ ಗಟ್ಟಿಯಾಗಿರುವುದರಿಂದ ಹೊಸ ರೆಸಿನ್ ಅದರೊಡನೆ ಒಂದೇ ದ್ರವ್ಯವಾಗಿ ಬೆರೆಯುವುದಿಲ್ಲ. ನುಣುಪಾದ ಮೈಯ ಮೇಲೆ ಹಚ್ಚಿದರೆ ಕೆಲವೇ ದಿನಗಳಲ್ಲಿ ಸಿಪ್ಪೆಯಂತೆ ಎದ್ದು ಬರಬಹುದು. ಹಳೆಯದನ್ನು ಒಳಗಿನ ಗಾಜಿನ ಎಳೆ ಕಾಣುವವರೆಗೆ ತರಿದು ಒರಟು ಮಾಡಿದಾಗ ಮಾತ್ರ ಹೊಸದು ಹಿಡಿದುಕೊಳ್ಳುತ್ತದೆ. ಅದೂ ರಂಧ್ರವಿದ್ದಷ್ಟೇ ಜಾಗವನ್ನಲ್ಲ. ಒಡಲು 6 ಮಿಲಿಮೀಟರ್ ದಪ್ಪವಿದ್ದರೆ ರಂಧ್ರದ ಸುತ್ತ ಅದರ ಹನ್ನೆರಡರಷ್ಟು, ಅಂದರೆ 72 ಮಿಲಿಮೀಟರ್ ಅಗಲದವರೆಗೆ ಇಳಿಜಾರಾಗಿ ಉಜ್ಜಬೇಕೆಂಬುದು ಈ ಕಸುಬಿನ ಲೆಕ್ಕ. ಅಂಗೈಯಗಲದ ಗಾಯಕ್ಕೆ ಮೊರದಗಲ ಒಳ್ಳೆಯ ಮೈಯನ್ನೂ ತರಿಯಬೇಕಾಗುತ್ತದೆ. ಆ ಗಾಜಿನ ಧೂಳು ಚರ್ಮಕ್ಕೆ ತುರಿಕೆ, ಶ್ವಾಸಕೋಶಕ್ಕೆ ಹಾನಿ. ಮುಖಕ್ಕೆ ಸರಿಯಾದ ಮುಸುಕಿಲ್ಲದೆ ಕೂಲಿಯ ಹುಡುಗನನ್ನು ಈ ಕೆಲಸಕ್ಕೆ ಹಚ್ಚುವ ಒಡೆಯನ ಜೀರ್ಣೋದ್ಧಾರವನ್ನು ಧರ್ಮವೆಂದು ಕರೆಯಲಾಗದು. ರೆಸಿನ್‌ಗೆ ಬೆರೆಸುವ ಗಟ್ಟಿಕಾರಕ ನೂರಕ್ಕೆ ಒಂದೆರಡು ಪಾಲು ಮಾತ್ರ. ಬೇಗ ಮುಗಿಯಲೆಂದು ಹೆಚ್ಚು ಸುರಿದರೆ ಮಿಶ್ರಣ ಕುದಿದಂತಾಗಿ ಬಿರಿಯುತ್ತದೆ.

ಇಷ್ಟೆಲ್ಲ ಬದಲಾದ ಮೇಲೆ ಅದು ಅದೇ ದೋಣಿಯೆ? ಬೌದ್ಧರ ಮಿಲಿಂದಪಞ್ಹದಲ್ಲಿ ನಾಗಸೇನನು ಮಿಲಿಂದ ರಾಜನನ್ನು ರಥದ ಗಾಲಿಯೇ ರಥವೆ, ಅಚ್ಚೇ ರಥವೆ ಎಂದು ಕೇಳಿ ತಬ್ಬಿಬ್ಬು ಮಾಡಿದ ಪ್ರಸಂಗ ಪ್ರಸಿದ್ಧ. ಮೀನುಗಾರಿಕೆ ಇಲಾಖೆಗೆ ಈ ತೊಡಕಿಲ್ಲ. ಅದಕ್ಕೆ ನೋಂದಣಿ ಸಂಖ್ಯೆಯೊಂದಿದ್ದರೆ ಸಾಕು.

ಲೆಕ್ಕದ ಪುಸ್ತಕದ ದೃಷ್ಟಿ ಮತ್ತೊಂದು ಬಗೆಯದು. ವರ್ಷವರ್ಷವೂ ಸವಕಳಿ ಕಳೆದು ಕಳೆದು, ತೇಲುತ್ತಿರುವ ದೋಣಿಯ ಬೆಲೆಯೂ ಒಂದು ದಿನ ಕಾಗದದ ಮೇಲೆ ಒಂದು ರೂಪಾಯಿಗೆ ಇಳಿಯುತ್ತದೆ. ಹೊಸ ದೋಣಿಗೆ ದರಪಟ್ಟಿಯುಂಟು, ಸಾಲದ ಅರ್ಜಿಗೆ ಅದನ್ನು ಲಗತ್ತಿಸಬಹುದು. ಹಳೆಯದನ್ನು ತೆರೆಯುವವರೆಗೆ ಅದರ ದುರಸ್ತಿಗೆ ದರಪಟ್ಟಿ ಬರೆಯುವವರಾರು? ದಾನಿಗಳ ಸ್ಥಿತಿಯೂ ಇದೇ. ಸುನಾಮಿಯ ಅನಂತರ ಹೊಸ ದೋಣಿಯನ್ನು ಸಮಾರಂಭದಲ್ಲಿ ಹಸ್ತಾಂತರಿಸಬಹುದಿತ್ತು. ಒಡೆದ ದೋಣಿಯ ಗಾಯವನ್ನು ಉಜ್ಜುವುದಕ್ಕೆ ಸಮಾರಂಭವಿಲ್ಲ. ಕೆಲವು ಊರುಗಳಲ್ಲಿ ಕಳೆದುಕೊಂಡದ್ದಕ್ಕಿಂತ ಹೆಚ್ಚು ದೋಣಿಗಳು ಬಂದವೆಂದೂ, ಅವಸರದಲ್ಲಿ ತಯಾರಾದ ಕೆಲವು ತಕ್ಕಷ್ಟು ಗಟ್ಟಿಯಿರಲಿಲ್ಲವೆಂದೂ ಅನಂತರದ ಪರಿಶೀಲನೆಗಳು ತಿಳಿಸಿದವು. ದಾನಿಗಳ ಕರುಣೆಯನ್ನು ಹಳಿಯುವುದು ಸಲ್ಲ. ಆದರೆ ದೇಶ ಕಾಲ ಪಾತ್ರಗಳನ್ನರಿತು ಕೊಟ್ಟದ್ದೇ ಸಾತ್ತ್ವಿಕ ದಾನವೆಂದ ಗೀತಾಚಾರ್ಯನು, ಕೊಡುವವನ ತೃಪ್ತಿಯನ್ನು ಆ ಪಟ್ಟಿಯಲ್ಲಿ ಸೇರಿಸಲಿಲ್ಲ.

ಎಲ್ಲ ದೋಣಿಯೂ ಕಡಲಿಗೆ ಮರಳಬೇಕೆಂದಿಲ್ಲ. ಒಡಲಿನ ಪದರಗಳೇ ಉದ್ದಕ್ಕೂ ಬಿಟ್ಟುಕೊಂಡಿದ್ದರೆ ಅದನ್ನು ಹಿನ್ನೀರಿಗೋ ಕೆರೆಗೋ ಮೀಸಲಿಡಬಹುದು, ಬಲೆಯಿಡುವ ಚಾವಣಿಯಾಗಿ ಕವುಚಿಡಬಹುದು; ಸಾಗರಕ್ಕೆ ಮಾತ್ರ ಇಳಿಸಬಾರದು. ಸರಿಪಡಿಸಿದ್ದನ್ನು ಮಾರಬೇಕಾಗಿ ಬಂದರೆ ಎಲ್ಲೆಲ್ಲಿ ಕೊಳೆತಿತ್ತೆಂಬುದನ್ನು ಕೊಳ್ಳುವವನಿಗೆ ಹೇಳುವುದು ಮಾರುವವನ ಹೊಣೆ. ಹೊರಮೈಗೆ ಬಿಸಿಲು ತಡೆಯಲು ಬಣ್ಣ ಬೇಕೇ ಬೇಕು. ಹಿಂಬದಿಯ ಗೋಡೆಯ ಒಳಮೈಗೆ ಅಷ್ಟು ಬಿಸಿಲು ತಾಗದು. ಅಲ್ಲಿ ಹೊಸ ಪದರವನ್ನು ಬಣ್ಣ ಬಳಿಯದೆ ಹಾಗೆಯೇ ಬಿಟ್ಟರೆ ತೇಪೆಯ ಅಂಚು ಬರಿಗಣ್ಣಿಗೆ ಕಾಣುತ್ತದೆ; ಕೊಳ್ಳಲು ಬಂದವನು ಸುತ್ತಿಗೆ ತಂದು ತಟ್ಟಿ ನೋಡಬಹುದು.