ಓದಬಲ್ಲವನ ಮೌನ



ಬೈಬಲಿನ ಒಂದನೇ ಅರಸುಗಳ 21ನೇ ಅಧ್ಯಾಯ ನಿಮಗೆ ಗೊತ್ತಿರುವಂಥದ್ದು. ಅರಸ ಅಹಾಬನಿಗೆ ನಾಬೋತನ ದ್ರಾಕ್ಷೇತೋಟದ ಮೇಲೆ ಕಣ್ಣು ಬಿತ್ತು. ಪಿತ್ರಾರ್ಜಿತವನ್ನು ಕೊಡಲಾರೆ ಎಂದ ನಾಬೋತ. ಅರಸನ ಬಳಿ ಕತ್ತಿಗಳಿಗೆ ಬರವಿರಲಿಲ್ಲ. ಆದರೂ ಅವನ ಹೆಂಡತಿ ಈಜೆಬೆಲಳು ಊರ ಹಿರಿಯರಿಗೆ ಪತ್ರ ಬರೆದಳು, ಅರಸನ ಹೆಸರಿನಲ್ಲಿ, ಅರಸನ ಮುದ್ರೆಯೊತ್ತಿ. ಊರಲ್ಲಿ ಉಪವಾಸ ಸಾರಬೇಕು, ನಾಬೋತನನ್ನು ಜನರೆದುರು ಕೂರಿಸಬೇಕು, ಅವನು ದೇವರನ್ನೂ ಅರಸನನ್ನೂ ದೂಷಿಸಿದನೆಂದು ಇಬ್ಬರು ಸಾಕ್ಷಿ ನುಡಿಯಬೇಕು. ಕೊಲೆಗೆ ಭಕ್ತಿಯ ವೇಷ ತೊಡಿಸಿದಳು. ಕಲ್ಲೆಸೆದವರು ನಾಬೋತನ ಊರಿನವರೇ.

ಈ ಅನ್ಯಾಯಕ್ಕಾಗಿ ಅಹಾಬನನ್ನು ಎದುರಿಸಿದ ಪ್ರವಾದಿ ಎಲೀಯನ ಧೈರ್ಯದ ಬಗ್ಗೆ ನಾವು ಬಹಳ ಸಾರಿ ಕೇಳಿದ್ದೇವೆ. ನನ್ನನ್ನು ಕಾಡುವವರು ಆ ಪತ್ರ ತೆರೆದು ಓದಿದ ಹಿರಿಯರು. ಸಾಕ್ಷಿಗಳನ್ನು ಗೊತ್ತುಮಾಡಲು ಅಪ್ಪಣೆಯಾದದ್ದು ಅವರಿಗೇ. ಹಾಗಾಗಿ ಅದು ಹಸಿ ಸುಳ್ಳೆಂದು ಅವರಿಗೆ ಖಂಡಿತ ಗೊತ್ತಿತ್ತು. ಒಬ್ಬರೂ ಬಾಯಿ ಬಿಟ್ಟಂತೆ ಕಾಣುವುದಿಲ್ಲ.

ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಲೇಖಕ ಜಾರ್ಜ್ ಆರ್ವೆಲ್ ಈ ಮೌನವನ್ನು ಚೆನ್ನಾಗಿ ಬಲ್ಲವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಿಬಿಸಿಯಲ್ಲಿ ಭಾರತದ ಕೇಳುಗರಿಗಾಗಿ ಕಾರ್ಯಕ್ರಮ ಸಿದ್ಧಪಡಿಸುತ್ತಿದ್ದ ಅವರು ಪ್ರಚಾರದ ಕೆಲಸವನ್ನು ಒಳಗಿನಿಂದಲೇ ಕಂಡಿದ್ದರು. 1945ರಲ್ಲಿ ಬಂದ ಅವರ 'ಅನಿಮಲ್ ಫಾರ್ಮ್' ಕಥೆಯಲ್ಲಿ ಪ್ರಾಣಿಗಳು ಯಜಮಾನನನ್ನು ಓಡಿಸಿ, ಕೊಟ್ಟಿಗೆಯ ಗೋಡೆಯ ಮೇಲೆ ಏಳು ಆಜ್ಞೆಗಳನ್ನು ಬಿಳಿ ಬಣ್ಣದಲ್ಲಿ ಬರೆದುಕೊಳ್ಳುತ್ತವೆ. ಆಮೇಲೆ ಹಂದಿಗಳು ಅಧಿಕಾರ ಹಿಡಿಯುತ್ತವೆ. ಒಂದು ದಿನ ಎಲ್ಲರ ಕಣ್ಣೆದುರೇ ಹಲವು ಪ್ರಾಣಿಗಳ ಕೊಲೆಯಾಗುತ್ತದೆ. ಯಾವ ಪ್ರಾಣಿಯೂ ಇನ್ನೊಂದನ್ನು ಕೊಲ್ಲಬಾರದೆಂದು ಆಜ್ಞೆ ಇತ್ತಲ್ಲ ಎಂದು ಕ್ಲೋವರ್ ಎಂಬ ಹೆಣ್ಣುಕುದುರೆಗೆ ಸಂಶಯ. ಅವಳಿಗೆ ಸರಿಯಾಗಿ ಓದಲು ಬಾರದು. ಓದಬಲ್ಲ ಮುದಿಕತ್ತೆ ಬೆಂಜಮಿನ್‌ನನ್ನು ಕೇಳುತ್ತಾಳೆ. ಅಂಥದ್ದಕ್ಕೆಲ್ಲ ತಾನು ತಲೆಹಾಕುವುದಿಲ್ಲ ಎನ್ನುತ್ತಾನೆ ಅವನು. ಕೊನೆಗೆ ಒಂದು ಮೇಕೆ ಓದಿ ಹೇಳುತ್ತದೆ: ಕಾರಣವಿದ್ದರೆ ಕೊಲ್ಲಬಹುದು ಎಂಬ ಅರ್ಥ ಬರುವಂತೆ ಆಜ್ಞೆಗೆ ಮಾತು ಸೇರಿದೆ. ಮೊದಲಿನಿಂದಲೂ ಹೀಗೇ ಇತ್ತೇನೋ ಎಂದುಕೊಂಡು ಕ್ಲೋವರ್ ಸುಮ್ಮನಾಗುತ್ತಾಳೆ.

ಇನ್ನೊಂದು ರಾತ್ರಿ ಅದೇ ಗೋಡೆಯ ಬುಡದಲ್ಲಿ ಏಣಿ ಮುರಿದು ಬಿದ್ದಿರುತ್ತದೆ. ಪಕ್ಕದಲ್ಲಿ ಹಂದಿಗಳ ಸರ್ಕಾರದ ಮಾತುಗಾರ ಸ್ಕ್ವೀಲರ್, ಒಂದು ಕುಂಚ, ಚೆಲ್ಲಿದ ಬಿಳಿ ಬಣ್ಣ. ಯಾರಿಗೂ ಏನೂ ಹೊಳೆಯುವುದಿಲ್ಲ. ಬೆಂಜಮಿನ್ ಮಾತ್ರ ಅರ್ಥವಾದವನಂತೆ ತಲೆಯಾಡಿಸುತ್ತಾನೆ, ಏನೂ ಹೇಳುವುದಿಲ್ಲ.

ಅವನು ಕೂಗಿಕೊಳ್ಳುವುದು, ದುಡಿದು ಕುಸಿದ ಗೆಳೆಯ ಕುದುರೆ ಬಾಕ್ಸರ್‌ನನ್ನು ಸಾಗಿಸಲು ಗಾಡಿ ಬಂದಾಗ. ಗಾಡಿಯ ಮೇಲಿದ್ದದ್ದು ಕುದುರೆ ಕಡಿಯುವವನ ಹೆಸರು. ಅಷ್ಟರಲ್ಲಿ ಗಾಡಿ ಹೊರಟಿತ್ತು. ಆ ಗಾಡಿಯನ್ನು ಪಶುವೈದ್ಯರು ಕೊಂಡಿದ್ದಾರೆ, ಹಳೆಯ ಹೆಸರು ಇನ್ನೂ ಅಳಿಸಿಲ್ಲ ಅಷ್ಟೇ ಎಂದ ಸ್ಕ್ವೀಲರ್. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು.

1949ರಲ್ಲಿ ಬಂದ '1984' ಕಾದಂಬರಿಯಲ್ಲೂ ಇದೇ ಕಥೆ. ಚಾಕೊಲೇಟಿನ ಪಡಿತರ 30 ಗ್ರಾಮಿನಿಂದ 20ಕ್ಕೆ ಇಳಿಯುತ್ತದೆ. ಮರುದಿನವೇ, ಪಡಿತರವನ್ನು 20ಕ್ಕೆ ಏರಿಸಿದ್ದಕ್ಕಾಗಿ ಜನ ಮೆರವಣಿಗೆ ಮಾಡಿ ನಾಯಕನಿಗೆ ಕೃತಜ್ಞತೆ ಹೇಳಿದರೆಂದು ಸುದ್ದಿ. ಹಳೆಯ ಪತ್ರಿಕೆಗಳನ್ನು ತಿದ್ದಲು ಅಲ್ಲಿ ಒಂದು ಇಲಾಖೆಯೇ ಇದೆ.

ಜನರ ನೆನಪು ಕೆಡದಿದ್ದರೆ, ನೆನಪಿದ್ದವರು ಬಾಯಿ ಬಿಟ್ಟರೆ, ಇಂಥ ಆಳ್ವಿಕೆ ಹೆಚ್ಚು ದಿನ ನಿಲ್ಲದು. ದೇವರ ಆಜ್ಞೆಗಳನ್ನು ಮನೆಯಲ್ಲಿ ಕೂತಾಗಲೂ ದಾರಿ ನಡೆಯುವಾಗಲೂ ಮಕ್ಕಳೊಂದಿಗೆ ಮಾತಾಡಿರಿ ಎಂದು ಧರ್ಮೋಪದೇಶಕಾಂಡ ಹೇಳುವುದು ಇದಕ್ಕಾಗಿಯೂ ಹೌದೆಂದು ನಾನು ನಂಬುತ್ತೇನೆ. ಗೋಡೆಯ ಮೇಲಿನ ಬರಹವನ್ನು ರಾತ್ರೋರಾತ್ರಿ ತಿದ್ದಬಹುದು. ಮನೆಮಂದಿಯ ಬಾಯಲ್ಲಿ ದಿನವೂ ಇರುವ ಆಜ್ಞೆಯನ್ನು ತಿದ್ದುವುದು ಸುಲಭವಲ್ಲ.

ಪ್ರಿಯರೇ, ನೆರೆಯವರೊಬ್ಬರ ಮೇಲೋ ಒಂದು ಸಮುದಾಯದ ಮೇಲೋ ದ್ವೇಷ ಹುಟ್ಟಿಸುವ ಸಂದೇಶ ಈ ವಾರ ನಿಮ್ಮ ಫೋನಿಗೆ ಬಂದರೆ ಮುಂದಕ್ಕೆ ಕಳುಹಿಸಬೇಡಿ. ಅದು ಸುಳ್ಳೆಂದು ನಿಮಗೆ ಗೊತ್ತಿದ್ದರೆ, ಕಳುಹಿಸಿದವರು ಸ್ವಂತ ಅಣ್ಣನಾದರೂ ಸರಿ, ನಮ್ಮ ಸಭೆಯ ಹಿರಿಯರಾದರೂ ಸರಿ, ಅವರಿಗೆ ಅಂದೇ ಹೇಳಿಬಿಡಿ.